ಎತ್ತರಿಸಿದ ಜೀಪು, ಒಣಗಿದ ಹುಲ್ಲು

ಹುರುಳಿ ಕಿತ್ತ ಮೇಲೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಎಷ್ಟೋ ಡಾಂಬರು ರಸ್ತೆಗಳು ಕಣಗಳಾಗಿ ಮಾರ್ಪಡುತ್ತವೆ. ರೈತ ಒಣ ಬಳ್ಳಿಯನ್ನು ರಸ್ತೆಯುದ್ದಕ್ಕೂ ಹರಡುತ್ತಾನೆ. ಓಡಾಡುವ ವಾಹನಗಳ ಗಾಲಿಗಳೇ ಒಕ್ಕಣೆ ಮಾಡುತ್ತವೆ. ಹೀಗೆ ಹಾದುಹೋದ ಕಾರೊಂದರ ಅಡಿಗೆ ಬಳ್ಳಿ ಸುತ್ತಿಕೊಂಡು, ಬಿಸಿಯಾದ ಸೈಲೆನ್ಸರಿಗೆ ತಾಗಿ, ನೋಡುನೋಡುತ್ತಿದ್ದಂತೆ ವಾಹನ ಹೊತ್ತಿ ಉರಿದ ಸುದ್ದಿ ರಾಜ್ಯದ ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಅಲ್ಲಿ ಬೆಂಕಿಕಡ್ಡಿ ಗೀರಿದವರು ಯಾರೂ ಇಲ್ಲ, ಬೀಡಿ ಎಸೆದವರೂ ಇಲ್ಲ. ಬಿಸಿ ಕಬ್ಬಿಣ ಮತ್ತು ಒಣ ಬಳ್ಳಿ, ಇವೆರಡೇ ಸಾಕಾದವು.

ರಸ್ತೆಯ ಮೇಲೆ ಎಲ್ಲರಿಗೂ ಅರ್ಥವಾಗುವ ಈ ಸತ್ಯ ಗುಡ್ಡ ಹತ್ತುವಾಗ ಮಾತ್ರ ಏಕೆ ಮರೆತುಹೋಗುತ್ತದೆ?

ಈ ಪ್ರಶ್ನೆಯನ್ನು ಕೇಳಲು ಕಾರಣವಿದೆ. ದಾರಿಯಿಲ್ಲದಲ್ಲಿ ಜೀಪು ಹತ್ತಿಸುವುದು ಈಗ ನಗರದ ಯುವಕರ ದೊಡ್ಡ ಶೋಕಿಯಾಗಿದೆ. ಕೊಡಗಿನ ಮಾಂದಲಪಟ್ಟಿ, ಚಿಕ್ಕಮಗಳೂರು ಮತ್ತು ಸಕಲೇಶಪುರದ ಹುಲ್ಲುಗಾವಲುಗಳಲ್ಲಿ ಜೀಪುಗಳು ಕೊರೆದ ಗಾಯಗಳನ್ನು ಮಲೆನಾಡು ಕಂಡಿದೆ. ಬಯಲುಸೀಮೆಯ ಕಲ್ಲುಗುಡ್ಡಗಳಿಗೆ ಈ ಹವ್ಯಾಸ ಬಂದರೆ ಅದರ ರೂಪವೇ ಬೇರೆ. ಮಲೆನಾಡಿನಲ್ಲಿ ಕೆಸರು ವಾಹನವನ್ನು ತಡೆಯುತ್ತದೆ. ಕೂಡ್ಲಿಗಿ ಸೀಮೆಯಲ್ಲಿ ತಡೆಯುವುದು ಬಂಡೆ. ಬಂಡೆಯನ್ನು ದಾಟಬೇಕಾದರೆ ವಾಹನದ ಹೊಟ್ಟೆ ಮೇಲಕ್ಕೆ ಹೋಗಬೇಕು. ಹೊಟ್ಟೆಯನ್ನು ಮೇಲಕ್ಕೆ ಎತ್ತಿದವರು ಅದರ ಜೊತೆಯಲ್ಲಿ ಸಾಗುವ ಬೆಂಕಿಯ ಕೊಳವೆಯನ್ನು ಏನು ಮಾಡಿದರು ಎಂಬುದೇ ಇಲ್ಲಿನ ವಿಷಯ.

ಹೊಟ್ಟೆ ಎತ್ತುವುದೆಂದರೇನು?

ನಾಲ್ಕೂ ಗಾಲಿಗಳಿಗೆ ಶಕ್ತಿ ಹರಿಸುವ ಜೀಪಿನಲ್ಲಿ ಎಂಜಿನ್ನಿನ ಹಿಂದೆ ಗೇರ್ ಬಾಕ್ಸ್, ಅದರ ಹಿಂದೆ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಗಾಲಿಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಇರುತ್ತದೆ. ಇವುಗಳ ಭಾರವನ್ನು ಹೊರುವುದು ಛಾಸಿಯ ಎರಡು ತೊಲೆಗಳ ನಡುವಿನ ಅಡ್ಡಪಟ್ಟಿ. ವಾಹನದ ನಡುಭಾಗದಲ್ಲಿ ನೆಲಕ್ಕೆ ಅತಿ ಹತ್ತಿರವಾದದ್ದು ಬಹುಮಟ್ಟಿಗೆ ಇದೇ. ಬಂಡೆಯ ನೆತ್ತಿಗೆ ಇದು ತಗುಲಿದರೆ ಗಾಲಿಗಳು ಗಾಳಿಯಲ್ಲಿ ತಿರುಗುತ್ತವೆ, ಜೀಪು ತೊಟ್ಟಿಲಿನಂತೆ ತೂಗುತ್ತದೆ. ಆದ್ದರಿಂದ ಅಡ್ಡಪಟ್ಟಿಯನ್ನು ಒಂದೆರಡು ಅಂಗುಲ ಮೇಲಕ್ಕೆ ಸರಿಸಿ, ಗೇರ್ ಬಾಕ್ಸನ್ನು ಎತ್ತಿ, ಅಗತ್ಯವಿದ್ದರೆ ಎಂಜಿನ್ನನ್ನೂ ತುಸು ಮೇಲೇರಿಸಿ, ಕೆಳಗೊಂದು ದಪ್ಪ ಉಕ್ಕಿನ ತಟ್ಟೆ ಬಿಗಿಯುತ್ತಾರೆ.

ತೊಡಕು ಇಲ್ಲಿಂದ ಆರಂಭವಾಗುತ್ತದೆ. ಹೊಗೆ ಕೊಳವೆಯ ಮುಂತುದಿ ಎಂಜಿನ್ನಿಗೆ ಬೋಲ್ಟಿನಿಂದ ಬಿಗಿದಿರುತ್ತದೆ. ಉಳಿದ ಭಾಗ ಛಾಸಿಗೆ ರಬ್ಬರಿನ ತೂಗುಗಳಲ್ಲಿ ನೇತಾಡುತ್ತದೆ. ಎಂಜಿನ್ ಮತ್ತು ಗೇರ್ ಬಾಕ್ಸ್ ಮೇಲೇರಿದರೆ ಕೊಳವೆಯ ಮುಂತುದಿ ಅವುಗಳ ಜೊತೆಗೆ ಏರುತ್ತದೆ, ಹಿಂಭಾಗ ಇದ್ದಲ್ಲೇ ಇರುತ್ತದೆ. ಕೊಳವೆ ತಿರುಚಿಕೊಳ್ಳುತ್ತದೆ. ಕೆಲವೆಡೆ ಅದು ವಾಹನದ ನೆಲಹಾಸಿಗೆ ತಾಗುತ್ತದೆ, ಕೆಲವೆಡೆ ಹೊಸ ಅಡ್ಡಪಟ್ಟಿಗೆ, ಇನ್ನು ಕೆಲವೆಡೆ ತಿರುಗುವ ಪ್ರೊಪೆಲರ್ ಶಾಫ್ಟಿಗೆ. ಎಂಜಿನ್ ಅಲುಗಿದಾಗಲೆಲ್ಲ ಜೋಡಣೆಯ ಮೇಲೆ ಸೆಳೆತ ಬೀಳುತ್ತದೆ. ಮೊದಲು ಗ್ಯಾಸ್ಕೆಟ್ ಸೋರುತ್ತದೆ, ಬಳಿಕ ವೆಲ್ಡಿಂಗ್ ಬಿಡುತ್ತದೆ, ಕೊನೆಗೆ ಎರಕದ ಮ್ಯಾನಿಫೋಲ್ಡೇ ಬಿರುಕು ಬಿಡಬಹುದು.

ವಾಹನ ಎತ್ತರಿಸುವ ಕೆಲಸದಲ್ಲಿ ಮೆಚ್ಚುಗೆ ಪಡೆಯುವುದು ದೊಡ್ಡ ಗಾಲಿ. ಚಿತ್ರ ತೆಗೆಸಿಕೊಳ್ಳುವುದೂ ಅದೇ. ಹೊಗೆ ಕೊಳವೆ ಯಾರ ಕಣ್ಣಿಗೂ ಬೀಳದು. ಆದ್ದರಿಂದಲೇ ಆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಅರ್ಧ ಕೆಲಸದ ನಾಲ್ಕು ಬಗೆ

ಮೊದಲನೆಯದು, ಕೊಳವೆಯನ್ನು ಹಳೆಯ ಎತ್ತರದಲ್ಲೇ ಬಿಟ್ಟು ಅಡ್ಡಪಟ್ಟಿಯ ಕೆಳಗೆ ಹಾಯಿಸುವುದು. ಹೊಟ್ಟೆ ಮೇಲೇರಿತು, ಈಗ ನೆಲಕ್ಕೆ ಅತಿ ಹತ್ತಿರವಾಗಿರುವುದು ವಾಹನದ ಅತಿ ಬಿಸಿಯಾದ ಅಂಗ! ಎತ್ತರಿಸಿದ ಜೀಪು ಮೊದಲಿಗಿಂತ ಎತ್ತರದ ಹುಲ್ಲಿಗೆ ಧೈರ್ಯವಾಗಿ ನುಗ್ಗುತ್ತದೆ, ಬಿಸಿ ಕೊಳವೆ ಆ ಹುಲ್ಲನ್ನು ಬಾಚುತ್ತಾ ಸಾಗುತ್ತದೆ.

ಎರಡನೆಯದು, ಅಡ್ಡಬರುವ ಕೊಳವೆಯನ್ನು ಕತ್ತರಿಸಿ ನಡುಭಾಗದಲ್ಲೇ ಮುಗಿಸಿಬಿಡುವುದು. ಉರಿಬಿಸಿಯ ಅನಿಲ ಹಿಂದಕ್ಕೆ ಹೋಗದೆ ಜೀಪಿನ ಅಡಿಯಲ್ಲೇ, ನೆಲದತ್ತಲೇ ಊದುತ್ತದೆ. ಕುಲುಮೆಯ ತಿದಿಯೂ ಮಾಡುವುದು ಇದನ್ನೇ.

ಮೂರನೆಯದು, ಜಾಗ ಸಾಲದೆಂದು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಸೈಲೆನ್ಸರನ್ನೂ ಕಿತ್ತು ಹಾಕುವುದು. ಇದಕ್ಕೆ ಗಿರಾಕಿಯ ಒಪ್ಪಿಗೆ ಬೇಗ ಸಿಗುತ್ತದೆ, ಏಕೆಂದರೆ ಸದ್ದು ಹೆಚ್ಚುತ್ತದೆ. ಒಳಗಿನ ತಡೆಗಳಿಲ್ಲದ ಕೊಳವೆಯಿಂದ ಉರಿಯುವ ಮಸಿಯ ಕಣಗಳು ಕಿಡಿಯಾಗಿ ಹೊರಬೀಳಲು ಅಡ್ಡಿಯೇ ಇರುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಸಾಮಾನ್ಯ. ಕೊಳವೆಗೂ ನೆಲಹಾಸಿಗೂ ನಡುವೆ ಕಾರ್ಖಾನೆ ಇಟ್ಟಿದ್ದ ತೆಳು ತಗಡಿನ ಶಾಖ ತಡೆ ಬಿಚ್ಚಿದವರ ಕೈಯಿಂದ ಮರಳಿ ಜಾಗಕ್ಕೆ ಬರುವುದೇ ಇಲ್ಲ. ಗ್ಯಾರೇಜಿನ ಮೂಲೆಯಲ್ಲಿ ಅದು ಗುಜರಿಯಾಗಿ ಬಿದ್ದಿರುತ್ತದೆ.

ಇವುಗಳ ಮೇಲೆ ಕೆಳಗಿನ ಉಕ್ಕಿನ ತಟ್ಟೆಯನ್ನೂ ಸೇರಿಸಬೇಕು. ಬಂಡೆಯಿಂದ ರಕ್ಷಿಸಲು ಹಾಕಿದ ಆ ತಟ್ಟೆಯ ಅಂಚು ಮೇಲಕ್ಕೆ ಮಡಚಿದ್ದರೆ ಅದು ಗೋದಲಿಯಂತೆ ಹುಲ್ಲನ್ನು ತುಂಬಿಕೊಳ್ಳುತ್ತದೆ. ಗೋದಲಿಯ ಮೇಲೆಯೇ ಕೆಂಡದ ಕೊಳವೆ! ಕೊಯ್ಲು ಯಂತ್ರದ ಎಂಜಿನ್ನಿನ ಮೇಲೆ ಕೂತ ಹೊಟ್ಟನ್ನು ಜಾಣ ಚಾಲಕ ಆಗಾಗ ಕೊಡವುತ್ತಾನೆ; ಕೊಡವದವನ ಯಂತ್ರ ಹೊಲದಲ್ಲೇ ಸುಟ್ಟುಹೋಗುವ ಅಪಾಯವಿದೆ. ಶೋಕಿಯ ಜೀಪಿನ ತಟ್ಟೆಯನ್ನು ಕೊಡವುವವರು ಯಾರು?

ಬಿಸಿಯ ಲೆಕ್ಕ

ಒಣ ಹುಲ್ಲು ಹೊತ್ತಿಕೊಳ್ಳಲು ಸುಮಾರು 300 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು. ದುಡಿಯುತ್ತಿರುವ ಎಂಜಿನ್ನಿನ ಹತ್ತಿರದ ಕೊಳವೆ ಈ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ, ದಾಟುತ್ತದೆ. 2020ರ ಏಪ್ರಿಲ್ 1ರಿಂದ ಭಾರತ್ ಹಂತ 6ರ ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ವಾಹನಗಳಿಗೆ ಮಸಿ ಹಿಡಿಯುವ ಸೋಸುಕ ಬಂದಿದೆ. ಸೇರಿದ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳುತ್ತದೆ; ಆಗ ಒಳಗಿನ ಅನಿಲದ ಶಾಖ 600 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಗಾಳಿಯನ್ನು ಶುದ್ಧವಾಗಿಡುವ ಒಳ್ಳೆಯ ಉಪಕರಣವದು. ಆದರೆ ಒಣ ಹುಲ್ಲಿನ ನಡುವೆ ನಿಲ್ಲಲು ಹೇಳಿಮಾಡಿಸಿದ್ದಲ್ಲ.

ಹೆದ್ದಾರಿಯಲ್ಲಿ ಓಡುವ ವಾಹನದ ಅಡಿಯನ್ನು ಗಾಳಿ ತಣಿಸುತ್ತಿರುತ್ತದೆ. ಬಂಡೆ ಹತ್ತುವ ಜೀಪಿಗೆ ಆ ಭಾಗ್ಯವಿಲ್ಲ. ಮೊದಲ ಗೇರಿನಲ್ಲಿ ಎಂಜಿನ್ ಪೂರ್ತಿ ಶಕ್ತಿಯಿಂದ ಒದರುತ್ತದೆ, ವಾಹನ ನಡಿಗೆಯ ವೇಗದಲ್ಲಿ ತೆವಳುತ್ತದೆ. ಕೊಳವೆ ಕುದಿಯುತ್ತದೆ. ಹೀಗೆ ನೆತ್ತಿ ತಲುಪಿದ ಮರುಗಳಿಗೆ ಚಾಲಕ ಮಾಡುವುದೇನು? ಮೊಣಕಾಲೆತ್ತರದ ಹುಲ್ಲಿನಲ್ಲಿ ಜೀಪು ನಿಲ್ಲಿಸಿ, ಇಳಿದು ಫೋಟೋ ತೆಗೆಸಿಕೊಳ್ಳುವುದು. ಇಡೀ ಪಯಣದ ಅತ್ಯಂತ ಅಪಾಯದ ಕ್ಷಣ ಅದೇ ಎಂಬ ಅರಿವು ಅವನಿಗಿರುವುದಿಲ್ಲ.

ಸೋರುವ ಕೊಳವೆಯ ಇನ್ನೊಂದು ಬಲಿ ಒಳಗೆ ಕುಳಿತವನು. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪೆಟ್ರೋಲ್ ವಾಹನದಲ್ಲಿ ಅದರ ಪ್ರಮಾಣ ಹೆಚ್ಚು. ರಕ್ತದ ಹಿಮೊಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಗಾಜು ಏರಿಸಿ ಕುಳಿತವರಿಗೆ ಮೊದಲು ತಲೆನೋವು, ಬಳಿಕ ಮಂಪರು. ಗುಡ್ಡದ ಅಂಚಿನಲ್ಲಿ ಚಾಲಕನಿಗೆ ಮಂಪರು ಬಂದರೆ ಆಗುವುದನ್ನು ವಿವರಿಸಬೇಕಿಲ್ಲ.

ಸುಟ್ಟರೆ ಯಾರದು ನಷ್ಟ?

ಮೈಲಾರದ ಕಾರ್ಣಿಕ, ಕೊಟ್ಟೂರಿನ ತೇರು ಮುಗಿಯುವ ಹೊತ್ತಿಗೆ ಈ ಐದು ತಾಲ್ಲೂಕುಗಳ ಗುಡ್ಡದ ಹುಲ್ಲು ಕಾಗದದಂತಾಗಿರುತ್ತದೆ. ಮುಂದಿನ ಹದವಾದ ಮಳೆಗೆ ಮೂರು ನಾಲ್ಕು ತಿಂಗಳು ಕಾಯಬೇಕು. ಆ ತಿಂಗಳುಗಳಲ್ಲಿ ನಿಂತ ಒಣ ಹುಲ್ಲೇ ಕುರಿಗಾಹಿಯ ಬಂಡವಾಳ. ಕೂಡ್ಲಿಗಿ ಸೀಮೆಯ ಮ್ಯಾಸಬೇಡರ ದೇವರ ಎತ್ತುಗಳಿಗೂ ಅದೇ ಆಧಾರ. ಆ ಎತ್ತುಗಳನ್ನು ಉಳಲು ಹೂಡುವುದಿಲ್ಲ, ಮಾರುವುದಿಲ್ಲ. ಮೇವು ಕೊಳ್ಳಲು ಅವುಗಳಿಂದ ಆದಾಯವೂ ಇಲ್ಲ. ಒಂದು ಗುಡ್ಡ ಸುಟ್ಟರೆ ಕಿಲಾರಿ ಹಿಂಡನ್ನು ಹೊಡೆದುಕೊಂಡು ಎಲ್ಲಿಗೆ ಹೋಗಬೇಕು?

ಗುಡೇಕೋಟೆಯ ಬಂಡೆಗಳ ನಡುವೆ ಕರಡಿಧಾಮವಿದೆ. ಬಾರೆ, ಕವಳೆಯ ಪೊದೆಗಳೂ ಗೆದ್ದಲಿನ ಹುತ್ತಗಳೂ ಕರಡಿಯ ಉಗ್ರಾಣ. ಪೊದೆ ಸುಟ್ಟ ವರ್ಷ ಕರಡಿ ಹೊಲಕ್ಕೆ ಇಳಿಯುತ್ತದೆ. ಆಗ ಗಾಯಗೊಳ್ಳುವವನು ನಸುಕಿನಲ್ಲಿ ನೀರು ಹಾಯಿಸಲು ಹೋದ ರೈತ. ಜೀಪಿನವನು ಅಷ್ಟು ಹೊತ್ತಿಗೆ ಬೆಂಗಳೂರು ಸೇರಿರುತ್ತಾನೆ.

ಮಣ್ಣಿನ ನಷ್ಟ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದೇ ದೀರ್ಘಕಾಲದ್ದು. ಈ ಗುಡ್ಡಗಳ ಕೆಂಪು ಮಣ್ಣು ತೆಳುವಾದುದು. ಮೇಲಿನ ಒಣ ಎಲೆ ಮತ್ತು ಹುಲ್ಲಿನ ಹೊದಿಕೆಯಲ್ಲಿರುವ ಸಾರಜನಕದ ಬಹುಭಾಗ ಬೆಂಕಿಯಲ್ಲಿ ಅನಿಲವಾಗಿ ಹಾರಿಹೋಗುತ್ತದೆ. ಹೊದಿಕೆ ಕಳೆದುಕೊಂಡ ಬೆತ್ತಲೆ ಮಣ್ಣಿನ ಮೇಲೆ ಮುಂಗಾರಿನ ಮೊದಲ ಜೋರು ಹನಿಗಳು ಬೀಳುತ್ತವೆ. ನೀರು ಇಂಗುವುದಿಲ್ಲ, ಮಣ್ಣನ್ನು ಹೊತ್ತು ಓಡುತ್ತದೆ. ಅದು ಹೋಗಿ ಸೇರುವುದು ತಪ್ಪಲಿನ ಕೆರೆಗೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿತೆಂದು ಇಡೀ ಸೀಮೆ ಹೆಮ್ಮೆಪಟ್ಟಿತು. ಕೆರೆಗಳ ಬಾಳು ನಿರ್ಧಾರವಾಗುವುದು ಏರಿಯ ಮೇಲೆ ಮಾತ್ರವಲ್ಲ, ನೀರು ಹರಿದುಬರುವ ಇಳಿಜಾರಿನ ಹುಲ್ಲಿನಲ್ಲಿಯೂ ಹೌದು.

ನೆಪಗಳು ಮತ್ತು ಉತ್ತರಗಳು

"ಬೆಂಕಿ ಬಿದ್ದರೆ ಹಸಿರು ಚಿಗುರುತ್ತದೆ" ಎಂಬ ಮಾತು ಹಳ್ಳಿಗಳಲ್ಲಿಯೂ ಇದೆ. ಚಿಗುರುವುದು ಬೇರಿನಲ್ಲಿ ಕೂಡಿಟ್ಟ ಗಂಟಿನ ಬಲದಿಂದ, ನೆಲದ ತೇವದಿಂದ. ಮಾಘದಲ್ಲಿ ಸುಟ್ಟ ಗುಡ್ಡಕ್ಕೆ ಜ್ಯೇಷ್ಠದವರೆಗೆ ತೇವವೆಲ್ಲಿಂದ ಬರಬೇಕು? ವರ್ಷವರ್ಷವೂ ಸುಟ್ಟರೆ ಗಂಟು ಕರಗುತ್ತದೆ. ದನ ಮೇಯುವ ಹುಲ್ಲು ಹಿಂದೆ ಸರಿದು, ದನ ಮೂಸದ ಗಿಡಗಳು ಮುಂದೆ ಬರುತ್ತವೆ.

"ಗುಡ್ಡಕ್ಕೆ ಬೆಂಕಿ ಬೀಳುವುದು ಬೀಡಿಯಿಂದ, ಜೀಪಿನಿಂದಲ್ಲ" ಎಂಬುದು ಎರಡನೆಯ ನೆಪ. ಬೀಡಿಯೂ ಕಾರಣ, ಬೇಕೆಂದೇ ಇಡುವ ಬೆಂಕಿಯೂ ಕಾರಣ, ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಮನೆಗೆ ಒಂದು ಕಡೆಯಿಂದ ಕಳ್ಳ ನುಗ್ಗುತ್ತಾನೆಂದು ಇನ್ನೊಂದು ಕಡೆ ಹೊಸ ಬಾಗಿಲು ತೆಗೆದಿಡುವ ಜಾಣರು ಯಾರೂ ಇಲ್ಲ. ಬೀಡಿ ಸೇದುವವನು ಹೋಗುವುದು ಕಾಲುದಾರಿಯಲ್ಲಿ. ಜೀಪು ಬೆಂಕಿಯನ್ನು ಒಯ್ಯುವುದು ದಾರಿಯೇ ಇಲ್ಲದೆಡೆಗೆ, ನಂದಿಸಲು ಜನರೂ ನೀರೂ ತಲುಪದೆಡೆಗೆ.

"ಇದೆಲ್ಲ ಪ್ರಕೃತಿ ಪ್ರೇಮ" ಎಂಬುದು ಮೂರನೆಯದು. ಪ್ರಕೃತಿಯನ್ನು ಪ್ರೀತಿಸಲು ಎರಡು ಕಾಲು ಸಾಕು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ತಯಾರಕರು ಕೊಟ್ಟ ಮೂಲ ವಿವರಗಳಿಗೂ ನೋಂದಣಿ ಪತ್ರಕ್ಕೂ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಇಂಥ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆಯನ್ನು, ಇಲ್ಲವೇ ಎರಡನ್ನೂ, ವಿಧಿಸಲು ಅವಕಾಶ ಕೊಟ್ಟಿತು. ಸೈಲೆನ್ಸರ್ ಇಲ್ಲದೆ ಓಡಿಸುವುದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿರುದ್ಧ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಅಲ್ಲಿ ಬೆಂಕಿ ಹೊತ್ತಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ಕಾನೂನು ಪುಸ್ತಕದಲ್ಲಿದೆ, ಗುಡ್ಡದ ಬುಡದಲ್ಲಿ ಅದನ್ನು ಓದಿ ಹೇಳುವವರಿಲ್ಲ.

ಸರಿಯಾದ ಕೆಲಸ ಯಾವುದು?

ತೋಟ, ಗಣಿ, ರಕ್ಷಣಾ ಕಾರ್ಯಗಳಿಗೆ ದುಡಿಯುವ ಜೀಪುಗಳೂ ಇವೆ. ನೋಂದಣಿ ಪ್ರಾಧಿಕಾರದ ಒಪ್ಪಿಗೆ ಪಡೆದು ಅಂಥ ವಾಹನದ ಗೇರ್ ಬಾಕ್ಸ್ ಎತ್ತಲೇಬೇಕಾದರೆ ಕೊಳವೆಯ ಕೆಲಸ ಹೇಗಿರಬೇಕೆಂಬುದು ಗ್ಯಾರೇಜಿನ ಹುಡುಗರಿಗೂ ಐಟಿಐ ವಿದ್ಯಾರ್ಥಿಗಳಿಗೂ ತಿಳಿದಿರಬೇಕು.

ಎಂಜಿನ್ ತಣ್ಣಗಾದ ಮೇಲೆ ಕೊಳವೆಯ ಎಲ್ಲ ಜೋಡಣೆಗಳನ್ನೂ ಸಡಿಲಿಸಬೇಕು. ಗೇರ್ ಬಾಕ್ಸ್ ತನ್ನ ಹೊಸ ಜಾಗದಲ್ಲಿ ಪೂರ್ತಿ ಬಿಗಿಯಾಗುವ ತನಕ ಕೊಳವೆಯನ್ನು ಮುಟ್ಟಬಾರದು. ಬಳಿಕ ಮೊದಲು ಎಂಜಿನ್ ಕಡೆಯ ಫ್ಲಾಂಜನ್ನು ಹೊಸ ಗ್ಯಾಸ್ಕೆಟ್ಟಿನೊಂದಿಗೆ ಕೂರಿಸಿ, ಉಳಿದ ಕೊಳವೆ ಸೆಳೆತವಿಲ್ಲದೆ ಎಲ್ಲಿ ನಿಲ್ಲುತ್ತದೆಂದು ನೋಡಬೇಕು. ರಬ್ಬರನ್ನು ಜಗ್ಗಿ ಕೊಂಡಿಗೆ ಸಿಕ್ಕಿಸುವುದಲ್ಲ, ಕೊಂಡಿಯನ್ನೇ ಸರಿಯಾದ ಜಾಗಕ್ಕೆ ಸರಿಸಿ ಬೆಸೆಯಬೇಕು. ಕತ್ತರಿಸಲೇಬೇಕಾದಲ್ಲಿ ಅದೇ ಒಳ ಅಗಲದ ಬಾಗುತುಂಡನ್ನು ಸೇರಿಸಬೇಕು. ಜಜ್ಜಿ ಬಗ್ಗಿಸಿದ ಕೊಳವೆ ಉಸಿರು ಕಟ್ಟಿಸುತ್ತದೆ. ಎಂಜಿನ್ ಅಲುಗುವುದನ್ನು ತಾಳಿಕೊಳ್ಳುವ ಬಳುಕು ತುಂಡೊಂದು ಮುಂಭಾಗದಲ್ಲಿರಬೇಕು. ನೆಲಹಾಸು, ಶಾಫ್ಟ್, ಅಡ್ಡಪಟ್ಟಿಗಳಿಂದ ಕನಿಷ್ಠ ಎರಡು ಬೆರಳಿನ ಅಂತರ ಬೇಕು. ಇಂಧನ ಮತ್ತು ಬ್ರೇಕಿನ ನಳಿಕೆಗಳಿಂದ ಇನ್ನೂ ಹೆಚ್ಚು, ನಡುವೆ ಶಾಖ ತಡೆಯ ತಗಡು. ಗಾಲಿಗಳು ಕೆಳಗೆ ಜೋತಾಗ ಒಮ್ಮೆ, ಮೇಲಕ್ಕೆ ಒತ್ತಿದಾಗ ಒಮ್ಮೆ ಈ ಅಂತರವನ್ನು ಪರೀಕ್ಷಿಸಿ, ಆಮೇಲೆ ಪೂರ್ಣ ವೆಲ್ಡಿಂಗ್ ಮಾಡಬೇಕು. ವೆಲ್ಡಿಂಗಿಗೆ ಮುನ್ನ ಬ್ಯಾಟರಿಯ ತಂತಿ ಬಿಚ್ಚಿರಬೇಕು. ಕೊಳವೆಯ ಯಾವ ಭಾಗವೂ ಉಕ್ಕಿನ ತಟ್ಟೆಗಿಂತ ಕೆಳಗೆ ಇಳಿಯಬಾರದು, ಬಾಯಿ ವಾಹನದ ಅಂಚಿನಾಚೆಗೆ ತೆರೆಯಬೇಕು. ಕೊನೆಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿ, ದಪ್ಪ ಬಟ್ಟೆಯಿಂದ ಕೊಳವೆಯ ಬಾಯನ್ನು ಕ್ಷಣಕಾಲ ಒತ್ತಿ ಹಿಡಿದರೆ ಸೋರುವ ಜಾಗ ಬುಸುಗುಟ್ಟಿ ತಾನೇ ಹೇಳುತ್ತದೆ.

ಇಷ್ಟು ಮಾಡಿದ ಕೊಳವೆಯೂ ಬಿಸಿಯಾಗುತ್ತದೆ ಎಂಬುದನ್ನು ಮರೆಯಬಾರದು. ಒಳ್ಳೆಯ ಕೆಲಸ ಅಪಾಯವನ್ನು ತಗ್ಗಿಸುತ್ತದೆ, ಅಳಿಸುವುದಿಲ್ಲ. ಆದ್ದರಿಂದ ಬೇಡಿಕೆ ಒಂದೇ, ನೇರವಾದದ್ದು: ಹುಲ್ಲು ಒಣಗಿದ ದಿನದಿಂದ ಮುಂಗಾರಿನ ಮೊದಲ ಹದವಾದ ಮಳೆಯವರೆಗೆ ಶೋಕಿಯ ವಾಹನಗಳಿಗೆ ಈ ಐದು ತಾಲ್ಲೂಕುಗಳ ಗುಡ್ಡಗಳು ಮುಚ್ಚಿರಬೇಕು. ಕರ್ತವ್ಯದ ಮೇಲೆ ಹೋಗುವ ವಾಹನ ದಾರಿ ಬಿಡಬಾರದು, ಹುಲ್ಲಿನಲ್ಲಿ ನಿಲ್ಲಬಾರದು, ಬೆಂಕಿ ನಂದಿಸುವ ಸಲಕರಣೆ ಇಲ್ಲದೆ ಹೊರಡಬಾರದು. ಇದನ್ನು ಜಿಲ್ಲಾಡಳಿತ, ಅರಣ್ಯ ಇಲಾಖೆ, ಸಾರಿಗೆ ಇಲಾಖೆಗಳು ಒಟ್ಟಾಗಿ ಆದೇಶಿಸಬೇಕು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಉಳಿದ ನಾಲ್ಕು ತಾಲ್ಲೂಕುಗಳೊಂದಿಗೆ ವಿಜಯನಗರ ಜಿಲ್ಲೆಯಾಯಿತು. ಈಗ ಐದೂ ಒಂದೇ ಜಿಲ್ಲಾಧಿಕಾರಿಯ ಅಧೀನದಲ್ಲಿವೆ. ಗಡಿಯ ನೆಪ ಹೇಳಲು ಜಾಗವಿಲ್ಲ.

ಹಳ್ಳಿಗಳೂ ತಮ್ಮ ಪಾಲಿನ ತಪ್ಪನ್ನು ತಿದ್ದಿಕೊಳ್ಳಬೇಕು. ರಸ್ತೆಯ ಒಕ್ಕಣೆ ನಿಲ್ಲಬೇಕು. ಅದಕ್ಕೆ ಪ್ರತಿ ಊರಿಗೂ ಸಾಮೂಹಿಕ ಕಣ ಬೇಕೆಂದು ಪಂಚಾಯಿತಿಯನ್ನು ಕೇಳಬೇಕು. ಸದ್ದಿಗಾಗಿ ಸೈಲೆನ್ಸರ್ ಕಿತ್ತ ಊರಿನದೇ ಟ್ರ್ಯಾಕ್ಟರನ್ನು ಸುಮ್ಮನೆ ಬಿಟ್ಟು, ನಗರದ ಜೀಪನ್ನು ಮಾತ್ರ ತಡೆದರೆ ಆ ಮಾತಿಗೆ ಬೆಲೆಯಿರದು.

ವಿದ್ಯಾರ್ಥಿಗಳಿಗೆ ಒಂದು ಸುಲಭದ ಕೆಲಸವಿದೆ. ಎತ್ತರದ ಗಾಲಿಯ ಜೀಪು ಊರಿಗೆ ಬಂದಾಗ ಬೆರಗಿನಿಂದ ಗಾಲಿಯನ್ನು ನೋಡುವ ಬದಲು ಬಾಗಿ ಅದರ ಅಡಿಯನ್ನು ನೋಡಬೇಕು. ಕೊಳವೆ ಎಲ್ಲಿದೆ, ಶಾಖ ತಡೆಯ ತಗಡು ಇದೆಯೇ, ತಟ್ಟೆಯಲ್ಲಿ ಹುಲ್ಲು ಸಿಕ್ಕಿದೆಯೇ ಎಂದು ಒಡೆಯನನ್ನೇ ವಿನಯದಿಂದ ಕೇಳಬೇಕು. ಉತ್ತರ ಬರದಿದ್ದರೆ ಆ ಜೀಪು ಗುಡ್ಡದ ದಾರಿ ಹಿಡಿಯುವ ಮೊದಲೇ ಅರಣ್ಯ ಸಿಬ್ಬಂದಿಗೆ ಸುದ್ದಿ ಮುಟ್ಟಬೇಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಬುದ್ಧಿಯಿಂದ ಈ ಕಲ್ಲುಗುಡ್ಡಗಳನ್ನು ಉಳಿಸಲಾಗದು, ಏಕೆಂದರೆ ಬೇಸಿಗೆಯಲ್ಲಿ ಇಲ್ಲಿ ತೋಡಿದ ಬಾವಿಯಲ್ಲಿಯೂ ನೀರಿರುವುದಿಲ್ಲ.